ಒಂದು ಹಿಡಿ ಕರಿಬೇವು

ಕಾಯುವುದೂ ಒಂದು ತಪಸ್ಸೆಂದು ಹಿರಿಯರು ಹೇಳುತ್ತಾರೆ. ಆದರೆ ಇಪ್ಪತ್ತು ಗಂಟೆಗಳಿಗೂ ಮೀರಿದ ಪ್ರಯಾಣ ಮುಗಿಸಿ, ನಿದ್ದೆಗೆಟ್ಟ ಕಣ್ಣುಗಳಿಂದ, ಹೆಗಲ ಮೇಲೆ ಒರಗಿದ ಮಗುವಿನೊಡನೆ ಅಮೆರಿಕದ ವಿಮಾನ ನಿಲ್ದಾಣವೊಂದರ ತಪಾಸಣೆಯ ಸಾಲಿನಲ್ಲಿ ನಿಂತವರಿಗೆ ಆ ತಪಸ್ಸಿನ ಫಲದಲ್ಲಿ ನಂಬಿಕೆ ಉಳಿಯುವುದು ಕಷ್ಟ. ಸಾಲು ಹಾವಿನಂತೆ ಸುತ್ತಿ ಸುತ್ತಿ ಬರುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಕೈಚೀಲವನ್ನೂ ಒಂದು ಹೆಜ್ಜೆ ತಳ್ಳಬೇಕು. ಅದೇ ಹೊತ್ತಿಗೆ ಪಕ್ಕದ ದಾರಿಯಲ್ಲಿ ಕೆಲವರು ಬಂದು, ಯಂತ್ರವೊಂದರ ಮುಂದೆ ಅರೆಕ್ಷಣ ಮುಖ ತೋರಿಸಿ, ಯಾರ ಹಂಗೂ ಇಲ್ಲದವರಂತೆ ಮುಂದೆ ಸಾಗಿಬಿಡುತ್ತಾರೆ. ಮೊದಲ ಬಾರಿಗೆ ಮಗನ ಮನೆಗೆ ಹೊರಟ ಮೈಸೂರಿನ ತಾಯಿಯೊಬ್ಬರು ಅದನ್ನು ಕಂಡು, "ಅವರೆಲ್ಲ ಮಂತ್ರಿಗಳ ಕಡೆಯವರೇನೋ?" ಎಂದು ಕೇಳಿದರೆ ಆಶ್ಚರ್ಯವೇನೂ ಇಲ್ಲ.

ಅವರು ಮಂತ್ರಿಗಳ ಕಡೆಯವರಲ್ಲ. ತಮ್ಮ ಪೂರ್ವಾಪರಗಳನ್ನೆಲ್ಲ ಸರ್ಕಾರದ ಮುಂದೆ ಮೊದಲೇ ಬಿಚ್ಚಿಟ್ಟು, 'ಇವರನ್ನು ನಂಬಬಹುದು' ಎಂಬ ಮುದ್ರೆಯನ್ನು ಪಡೆದುಕೊಂಡ ಸಾಮಾನ್ಯ ಪ್ರಯಾಣಿಕರು. ಆ ಏರ್ಪಾಡಿಗೆ 'ಗ್ಲೋಬಲ್ ಎಂಟ್ರಿ' ಎಂದು ಹೆಸರು. ಅಮೆರಿಕದ ಸುಂಕ ಮತ್ತು ಗಡಿ ರಕ್ಷಣಾ ಇಲಾಖೆ 2008ರಲ್ಲಿ ನ್ಯೂಯಾರ್ಕ್, ವಾಷಿಂಗ್ಟನ್ ಮತ್ತು ಹ್ಯೂಸ್ಟನ್ ನಗರಗಳ ನಿಲ್ದಾಣಗಳಲ್ಲಿ ಇದನ್ನು ಪ್ರಯೋಗಾರ್ಥವಾಗಿ ಆರಂಭಿಸಿ, 2012ರಲ್ಲಿ ಸ್ಥಿರಗೊಳಿಸಿತು. ಭಾರತದ ಪ್ರಜೆಗಳಿಗೆ ಈ ಬಾಗಿಲು ತೆರೆದದ್ದು 2017ರ ಜುಲೈನಲ್ಲಿ. ಮೊದಲು ಒಳಹೊಕ್ಕ ಭಾರತೀಯರು ಅಂದಿನ ರಾಯಭಾರಿ ನವತೇಜ್ ಸರ್ನಾ ಅವರೇ ಎಂಬುದು ಬೇರೆ ಮಾತು. ಅವರ ಹಿಂದೆ ಸಾಮಾನ್ಯರೂ ನಡೆದು ಬಂದಿದ್ದಾರೆ. ಒಮ್ಮೆ ಸದಸ್ಯತ್ವ ದೊರೆತರೆ ಐದು ವರ್ಷ ಬಾಳುತ್ತದೆ. ಅರ್ಜಿಯ ಶುಲ್ಕ 2024ರ ಅಕ್ಟೋಬರ್ 1ರಿಂದ 120 ಡಾಲರ್. ಅರ್ಜಿ ತಿರಸ್ಕೃತವಾದರೂ ಆ ಹಣ ಹಿಂದಿರುಗುವುದಿಲ್ಲ.

ನಂಬಿಕೆಯನ್ನು ಸರ್ಕಾರ ಹೇಗೆ ಅಳೆಯುತ್ತದೆ? ಅಳತೆಯ ಕೊನೆಯ ಮೆಟ್ಟಿಲು ಕೆಲವೇ ನಿಮಿಷಗಳ ಒಂದು ಸಂದರ್ಶನ. ಆ ಕೆಲವು ನಿಮಿಷಗಳಿಗೆ ಒಂದು ಸಂಸಾರ ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆ ಸಾಕು.

ಸ್ಯಾನ್ ಹೋಸೆ ನಗರದಲ್ಲಿ ನೆಲೆಸಿದ ಮೈಸೂರಿನ ಇಂಜಿನಿಯರ್ ಒಬ್ಬರು, ಅವರ ಹೆಂಡತಿ, ಎಂಟು ವರ್ಷದ ಮಗಳು. ಕೆಲಸದ ವೀಸಾದ ಮೇಲೆ ಇರುವವರಾದರೂ ಭಾರತದ ಪ್ರಜೆಗಳೆಂಬ ಕಾರಣದಿಂದ ಅರ್ಜಿ ಹಾಕಲು ಅರ್ಹರು. ವರ್ಷಕ್ಕೊಮ್ಮೆಯಾದರೂ ಊರಿಗೆ ಬಂದುಹೋಗುವ ಇವರು 2024ರ ಕೊನೆಯಲ್ಲಿ ಅರ್ಜಿ ಸಲ್ಲಿಸಿದರು. ಮಕ್ಕಳಿಗೂ, ಎಳೆಯ ಕೂಸಿಗೂ ಕೂಡ, ಪ್ರತ್ಯೇಕ ಅರ್ಜಿ ಬೇಕು. ತಂದೆ ಅಥವಾ ತಾಯಿ ಸದಸ್ಯರಾಗಿದ್ದರೆ, ಇಲ್ಲವೆ ಜೊತೆಯಲ್ಲೇ ಅರ್ಜಿ ಹಾಕಿದ್ದರೆ, ಹದಿನೆಂಟು ತುಂಬದವರಿಗೆ ಶುಲ್ಕವಿಲ್ಲ. ಆದ್ದರಿಂದ ಈ ಸಂಸಾರಕ್ಕೆ ತಗುಲಿದ್ದು 240 ಡಾಲರ್.

ಅರ್ಜಿಯೇ ಒಂದು ಸಣ್ಣ ಆತ್ಮಚರಿತ್ರೆ. ಕಳೆದ ಐದು ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಾಗಿದ್ದಿರಿ, ಎಲ್ಲೆಲ್ಲಿ ಕೆಲಸ ಮಾಡಿದಿರಿ, ಯಾವ ಯಾವ ದೇಶಗಳಿಗೆ ಹೋಗಿಬಂದಿರಿ ಎಂಬುದನ್ನು ನಡುವೆ ತೆರಪಿಲ್ಲದಂತೆ ತುಂಬಬೇಕು. ಬಾಡಿಗೆಯ ಮನೆ ಬದಲಿಸಿದ ತಿಂಗಳನ್ನು ನೆನಪಿಸಿಕೊಳ್ಳಲು ಗಂಡ ಹೆಂಡತಿ ಎರಡು ಸಂಜೆ ಚರ್ಚಿಸಿದರು. ಭಾರತೀಯ ಪ್ರಜೆಗಳ ವಿಷಯದಲ್ಲಿ ಭಾರತದ ಕಡೆಯ ವಿಚಾರಣೆಯೂ ನಡೆಯತಕ್ಕದ್ದು; ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅದಕ್ಕೆಂದೇ ಬೇರೊಂದು ಅರ್ಜಿಯುಂಟು. ಎರಡು ಸರ್ಕಾರಗಳೂ ತಲೆದೂಗಿದ ಮೇಲೆ 'ಷರತ್ತಿಗೆ ಒಳಪಟ್ಟ ಒಪ್ಪಿಗೆ' ಬಂದಿತು. ಇನ್ನುಳಿದದ್ದು ಸಂದರ್ಶನ.

ಸಂದರ್ಶನಕ್ಕೆ ಎರಡು ಮಾರ್ಗಗಳಿವೆ. ದಿನಾಂಕ ಗೊತ್ತುಮಾಡಿಕೊಂಡು ನೋಂದಣಿ ಕೇಂದ್ರಕ್ಕೆ ಹೋಗುವುದು ಒಂದು. ಇಂತಹ ಕೇಂದ್ರಗಳು ಹೆಚ್ಚಾಗಿ ದೊಡ್ಡ ವಿಮಾನ ನಿಲ್ದಾಣಗಳಲ್ಲೇ ಇರುತ್ತವೆ. ಹತ್ತಿರದ ಕೇಂದ್ರದಲ್ಲಿ ದಿನ ಸಿಕ್ಕುವುದು ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಯಾರೋ ಬಿಟ್ಟುಕೊಟ್ಟ ದಿನ ತಟ್ಟನೆ ತೆರವಾಗುವುದರಿಂದ, ಬೆಳಗು ಬೈಗು ನೋಡುತ್ತಿರುವವರಿಗೆ ಅದೃಷ್ಟ ಒಲಿಯುತ್ತದೆ. ಎರಡನೆಯ ಮಾರ್ಗ, ವಿದೇಶದಿಂದ ಹಿಂದಿರುಗಿ ಇಳಿದಾಗಲೇ ತಪಾಸಣೆಯ ಕಟ್ಟೆಯಲ್ಲಿ ಸಂದರ್ಶನವನ್ನೂ ಮುಗಿಸಿಕೊಳ್ಳುವುದು. ಈ ಸೌಕರ್ಯ ಹಲವು ನಿಲ್ದಾಣಗಳಲ್ಲಿದೆ. ಮೊದಲೇ ದಿನ ಗೊತ್ತುಮಾಡಬೇಕಾದ ಅಗತ್ಯವಿಲ್ಲ. ಇಂಜಿನಿಯರ್ ಸಂಸಾರಕ್ಕೆ ಮೊದಲ ಮಾರ್ಗವೇ ಒದಗಿತು. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ, 2025ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹತ್ತೂವರೆ ಗಂಟೆ.

ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಕಾಗದಗಳ ಜಾತ್ರೆ. ಮೂವರ ಪಾಸ್‌ಪೋರ್ಟುಗಳು, ಡ್ರೈವಿಂಗ್ ಲೈಸೆನ್ಸುಗಳು, ವಿಳಾಸಕ್ಕೆ ಸಾಕ್ಷಿಯಾಗಿ ವಿದ್ಯುತ್ ಬಿಲ್ಲು, ಕೆಲಸದ ವೀಸಾದ ಅನುಮತಿ ಪತ್ರ, ಒಪ್ಪಿಗೆಯ ಪತ್ರದ ಅಚ್ಚುಪ್ರತಿ. ಹಸಿರು ಕಾರ್ಡು ಪಡೆದವರಾದರೆ ಅದನ್ನೂ ತಪ್ಪದೆ ಒಯ್ಯಬೇಕು. ಹಿಂದೆಂದಾದರೂ ಪೊಲೀಸ್ ಕೇಸು ನಡೆದಿದ್ದರೆ, ಅದು ವಜಾ ಆಗಿದ್ದರೂ ಸಹ, ಕೋರ್ಟಿನ ದೃಢೀಕೃತ ತೀರ್ಪಿನ ಪ್ರತಿಯನ್ನು ಕೊಂಡೊಯ್ಯುವುದು ವಿವೇಕ. ಈ ಸಂಸಾರಕ್ಕೆ ಆ ತಾಪತ್ರಯವಿರಲಿಲ್ಲ. ಗಂಡ ಒಂದೊಂದು ಕಾಗದಕ್ಕೂ ಗುರುತು ಹಾಕುತ್ತಿದ್ದರು. ಹೆಂಡತಿ ಅರ್ಜಿಯ ಪ್ರತಿಯನ್ನು ಹಿಡಿದು, ಪರೀಕ್ಷೆಯ ಹಿಂದಿನ ದಿನ ಪಾಠ ಒಪ್ಪಿಸಿಕೊಳ್ಳುವವರಂತೆ, ಒಂದೊಂದೇ ಪ್ರಶ್ನೆ ಓದುತ್ತಿದ್ದರು.

"ಯಾವ ದೇಶದಲ್ಲಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯೇ?"

"ಇಲ್ಲ."

"ಸುಂಕದ ಕಾನೂನನ್ನು ಎಂದಾದರೂ ಉಲ್ಲಂಘಿಸಿದ್ದೀರಾ?"

"ಇಲ್ಲ. ಮುಂದಿನದು ಓದು."

ಹೆಂಡತಿ ಮುಂದಿನದನ್ನು ಓದಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟರು.

"ಕರಿಬೇವು?"

ಗಂಡನ ಕೈಯ ಪೆನ್ನು ನಿಂತಿತು.

2019ರ ಜೂನ್ ತಿಂಗಳು. ಮೈಸೂರಿನಿಂದ ಹೊರಡುವ ರಾತ್ರಿ ತಾಯಿ ಸಾರಿನ ಪುಡಿ, ಹುಳಿಪುಡಿಗಳ ಡಬ್ಬಗಳ ನಡುವೆ ಹಿತ್ತಲ ಗಿಡದ ಒಂದು ಹಿಡಿ ಕರಿಬೇವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. "ಅಲ್ಲಿ ಇದಕ್ಕೆ ಚಿನ್ನದ ಬೆಲೆಯಂತೆ ಕಣೋ," ಎಂದಿದ್ದರು. ಮಗ ಅದನ್ನು ನೋಡಿಯೂ ಸುಮ್ಮನಿದ್ದರು. ವಿಮಾನದಲ್ಲಿ ಕೊಟ್ಟ ಘೋಷಣಾ ಪತ್ರದಲ್ಲಿ ಹಣ್ಣು, ಸಸ್ಯ, ಆಹಾರ ತಂದಿದ್ದೀರಾ ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದರು. ಇಳಿದ ಮೇಲೆ, ಸಾಮಾನು ಬರುವ ಪಟ್ಟಿಯ ಬಳಿ, ಹಸಿರು ಅಂಗಿ ತೊಟ್ಟ ಪುಟ್ಟ ಬೀಗಲ್ ನಾಯಿಯೊಂದು ಬಂದು ಅವರ ಪೆಟ್ಟಿಗೆಯನ್ನು ಮೂಸಿ, ಅದರ ಪಕ್ಕದಲ್ಲಿ ಶಾಂತವಾಗಿ ಕುಳಿತುಬಿಟ್ಟಿತು. ನಾಯಿ ಬೊಗಳಲಿಲ್ಲ. ಕುಳಿತುಕೊಳ್ಳುವುದೇ ಅದರ ಸಾಕ್ಷ್ಯ. 1984ರಲ್ಲಿ ಲಾಸ್ ಏಂಜಲೀಸ್ ನಿಲ್ದಾಣದಲ್ಲಿ ಆರಂಭವಾದ ಬೀಗಲ್ ಪಡೆ ಹೀಗೆಯೇ ಸಾಕ್ಷ್ಯ ಹೇಳುತ್ತ ಬಂದಿದೆ. ಕರಿಬೇವು ಹೋಯಿತು, ಜೊತೆಗೆ 300 ಡಾಲರ್ ದಂಡವೂ ಹೋಯಿತು.

ಕರಿಬೇವಿನಂತಹ ಸಾಧು ಸೊಪ್ಪಿನ ಮೇಲೆ ಈ ಕೋಪವೇಕೆಂದು ಗೃಹಿಣಿಯರು ಕೇಳಬಹುದು. ಕೋಪ ಸೊಪ್ಪಿನ ಮೇಲಲ್ಲ. ಕಿತ್ತಳೆ, ನಿಂಬೆಗಳ ಜಾತಿಗೆ ಹತ್ತಿರದ ಬಂಧುವಾದ ಈ ಗಿಡದ ಎಲೆಯ ಮೇಲೆ, ಕಣ್ಣಿಗೆ ಸುಲಭವಾಗಿ ಕಾಣದ ಒಂದು ಹೇನು ವಾಸಿಸುತ್ತದೆ. ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವುದು ಅದೇ. ಆ ರೋಗ ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡಿತು. ಅನಂತರದ ಇಪ್ಪತ್ತು ವರ್ಷಗಳಲ್ಲಿ ಅದೂ ಬಿರುಗಾಳಿಗಳೂ ಸೇರಿ ಆ ರಾಜ್ಯದ ಕಿತ್ತಳೆಯ ಬೆಳೆಯನ್ನು ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಸಿವೆ. ಅಲ್ಲಿಯ ರೈತನಿಗೆ ನಮ್ಮ ಒಗ್ಗರಣೆಯ ಸೊಪ್ಪು ಮಾರಿಯಂತೆ ತೋರಿದರೆ ತಪ್ಪೆನ್ನಲಾಗದು. ಪ್ರಯಾಣಿಕರ ಚೀಲದಲ್ಲಿ ಮಾವಿನ ಹಣ್ಣಿಗೂ ಪ್ರವೇಶವಿಲ್ಲ. ಭಾರತದ ಮಾವು 2007ರಿಂದ ಅಲ್ಲಿಗೆ ಹೋಗುತ್ತಿದೆಯಾದರೂ, ವಿಕಿರಣ ಸಂಸ್ಕಾರ ಪಡೆದು ವ್ಯಾಪಾರದ ಮಾರ್ಗವಾಗಿ ಹೋಗಬೇಕು. ಧಾನ್ಯ ತಿನ್ನುವ ಖಪ್ರಾ ಎಂಬ ಹುಳುವಿನ ಭಯದಿಂದ ಅಕ್ಕಿಯನ್ನೂ ಚೀಲದಲ್ಲಿ ಒಯ್ಯುವಂತಿಲ್ಲ. ತಂದದ್ದನ್ನು ತಂದೆನೆಂದು ಹೇಳಿದವರಿಗೆ ದಂಡವಿಲ್ಲ. ನಿಷಿದ್ಧ ವಸ್ತುವಾದರೆ ಅದನ್ನು ತೆಗೆದಿಟ್ಟುಕೊಂಡು ಕಳುಹಿಸುತ್ತಾರೆ. ದಂಡವಿರುವುದು 'ಇಲ್ಲ' ಎಂಬ ಮಾತಿಗೆ.

"ಅದು ಆರು ವರ್ಷದ ಹಿಂದಿನ ಮಾತು," ಎಂದರು ಗಂಡ. "ದಂಡ ಕಟ್ಟಿದ್ದಾಯಿತು, ರಸೀದಿ ಬಂದದ್ದಾಯಿತು. ಮುಗಿದ ವಿಷಯ."

"ದಂಡ ಕಟ್ಟಿದ್ದು ಅಂದಿನ 'ಇಲ್ಲ'ಕ್ಕೆ. ಈಗ ಬರೆದಿರುವ 'ಇಲ್ಲ'ಕ್ಕೆ?"

"ಅರ್ಜಿ ತುಂಬುವಾಗ ನೆನಪಾಗಲಿಲ್ಲ."

"ನಿಜವಾಗಿ?"

ಗಂಡ ಉತ್ತರ ಕೊಡಲಿಲ್ಲ. ನೆನಪಾಗದೆ ಇರಲಿಲ್ಲ. ಒಂದು ಹಿಡಿ ಸೊಪ್ಪನ್ನು 'ಉಲ್ಲಂಘನೆ' ಎಂಬ ದೊಡ್ಡ ಮಾತಿನ ಕೆಳಗೆ ತರಲು ಮನಸ್ಸು ಒಪ್ಪಿರಲಿಲ್ಲ, ಅಷ್ಟೆ. ವಿದ್ಯಾವಂತರು ತಮ್ಮ ತಪ್ಪುಗಳನ್ನು ಮರೆಯುವುದಿಲ್ಲ; ಅವುಗಳಿಗೆ ಚಿಕ್ಕ ಹೆಸರುಗಳನ್ನು ಇಟ್ಟುಕೊಳ್ಳುತ್ತಾರೆ.

ಈ ಹೊತ್ತಿನ ಸಂದಿಗ್ಧ ಸಣ್ಣದಲ್ಲ. ಈ ಏರ್ಪಾಡಿನ ನಿಯಮಗಳು ಸ್ಪಷ್ಟವಾಗಿವೆ. ಯಾವ ದೇಶದಲ್ಲಾದರೂ ಸುಂಕದ, ವಲಸೆಯ ಅಥವಾ ಕೃಷಿ ಸಂಬಂಧದ ಕಾನೂನನ್ನು ಮೀರಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಅರ್ಜಿಯಲ್ಲಿ ಸುಳ್ಳನ್ನೋ ಅರೆಮಾತನ್ನೋ ಬರೆದಿದ್ದರೂ ತಿರಸ್ಕೃತವಾಗಬಹುದು. ಹೇಳಿದರೆ ಮೊದಲನೆಯ ಭಯ, ಹೇಳದಿದ್ದರೆ ಎರಡನೆಯದು. ವೀಸಾದ ಮೇಲೆ ಬಾಳುವ ಸಂಸಾರಕ್ಕೆ ಸರ್ಕಾರದ ಕಡತದಲ್ಲಿ ಸೇರುವ ಒಂದೊಂದು ಸಾಲೂ ಭಾರವೇ. ಸುಮ್ಮನಿದ್ದರೆ ಯಾರೂ ಕೇಳದೆ ಬಿಡಬಹುದೆಂಬ ಆಸೆಯೂ ಮನುಷ್ಯಸಹಜ.

ಅಷ್ಟರಲ್ಲಿ ಮೈಸೂರಿನಿಂದ ತಾಯಿಯ ಕರೆ ಬಂದಿತು. ಅಲ್ಲಿ ಆಗ ಬೆಳಗಿನ ಹೊತ್ತು. ಸೊಸೆ ವಿಷಯ ತಿಳಿಸಿದರು.

"ಅಯ್ಯೋ, ಇಟ್ಟವಳು ನಾನು. ನಾನೇ ಇಟ್ಟೆ ಅಂತ ಹೇಳಿಬಿಡಲಿ. ಮಗನಿಗೆ ಗೊತ್ತೇ ಇರಲಿಲ್ಲ ಅಂದರಾಯಿತು," ಎಂದರು ತಾಯಿ.

"ಗೊತ್ತಿತ್ತು, ಅಮ್ಮ," ಎಂದರು ಮಗ ಮೆಲ್ಲಗೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಪ್ಪ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇನ್ನು ಕರಿಬೇವಿಗೆ ಹೋದರೆ ಗತಿಯೇನು?" ಎಂದರು.

ಮರುದಿನ ಅವರು ಕಾಲು ಗಂಟೆ ಮುಂಚೆಯೇ ಕೇಂದ್ರದ ಬಾಗಿಲಲ್ಲಿದ್ದರು. ಕರೆ ಬಂದದ್ದು ಸಮಯಕ್ಕೆ ಸರಿಯಾಗಿ. ಸಂದರ್ಶನವೆಂದರೆ ಉದ್ಯೋಗಕ್ಕೆ ನಡೆಯುವ ಪರೀಕ್ಷೆಯಂತೆ ಬುದ್ಧಿಯನ್ನು ಕೆಣಕುವಂಥದಲ್ಲ. ಅಧಿಕಾರಿ ಪಾಸ್‌ಪೋರ್ಟುಗಳನ್ನು ನೋಡುತ್ತಾರೆ. ಅರ್ಜಿಯಲ್ಲಿ ಬರೆದ ವಿಳಾಸ, ಉದ್ಯೋಗಗಳನ್ನು ಬಾಯಿಂದ ಮತ್ತೊಮ್ಮೆ ಕೇಳುತ್ತಾರೆ. ಏಕೆ ಪ್ರಯಾಣ ಮಾಡುತ್ತೀರೆಂದು ವಿಚಾರಿಸುತ್ತಾರೆ. ಬೆರಳಚ್ಚು, ಭಾವಚಿತ್ರ ತೆಗೆದುಕೊಳ್ಳುತ್ತಾರೆ. ಕಾಗದದ ಮೇಲಿನ ಮನುಷ್ಯನೂ ಕಟ್ಟೆಯ ಮುಂದೆ ನಿಂತ ಮನುಷ್ಯನೂ ಒಬ್ಬನೇ ಎಂದು ಕಂಡುಕೊಳ್ಳುವುದೇ ಅದರ ಉದ್ದೇಶ. ಆದುದರಿಂದ ಉತ್ತರಗಳನ್ನು ಉರುಹಚ್ಚಬೇಕಾದ ಅಗತ್ಯವಿಲ್ಲ. ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡು ಹೋದರೆ ಸಾಕು. ಕೇಳಿದ್ದಕ್ಕೆ ಚುಟುಕಾಗಿ, ನೇರವಾಗಿ ಉತ್ತರಿಸುವುದು ಲೇಸು.

ಮೊದಲು ಮಗಳ ಸರದಿ. ಹದಿನೆಂಟರೊಳಗಿನವರ ಜೊತೆ ತಂದೆ ಅಥವಾ ತಾಯಿ ಇರಲೇಬೇಕು. ಹೆಸರೇನು, ಯಾವ ತರಗತಿ ಎಂಬ ಪ್ರಶ್ನೆಗಳಿಗೆ ಅವಳು ಇಬ್ಬರಿಗಿಂತ ಧೈರ್ಯವಾಗಿ ಉತ್ತರ ಹೇಳಿದಳು. ತಾಯಿಯದೂ ಐದು ನಿಮಿಷದಲ್ಲಿ ಮುಗಿಯಿತು. ತಂದೆಯ ಸರದಿ ಬಂದಾಗ, ಅಧಿಕಾರಿ ಕೇಳುವ ಮೊದಲೇ ಅವರು ರಸೀದಿಯನ್ನು ಕಟ್ಟೆಯ ಮೇಲಿಟ್ಟರು.

"ನನ್ನ ಅರ್ಜಿಯಲ್ಲಿ ಒಂದು ಉತ್ತರ ತಪ್ಪಾಗಿದೆ. 2019ರಲ್ಲಿ ಇದೇ ನಿಲ್ದಾಣದಲ್ಲಿ ನನಗೆ ದಂಡ ಬಿದ್ದಿತ್ತು. ಅದನ್ನು ನಾನು ಬರೆಯಬೇಕಾಗಿತ್ತು."

ಅಧಿಕಾರಿ ರಸೀದಿಯನ್ನು ನೋಡಿದರು. ಬಳಿಕ ಎದುರಿನ ಪರದೆಯನ್ನು ಅವರ ಕಡೆಗೆ ಸ್ವಲ್ಪ ಓರೆಮಾಡಿದರು. ಆ ದಿನಾಂಕ ಅಲ್ಲಿ ಆಗಲೇ ಇತ್ತು.

"ನಾನು ಕೇಳುವವನಿದ್ದೆ," ಎಂದರು ಅಧಿಕಾರಿ. "ನೀವೇ ಹೇಳಿದ್ದು ಒಳ್ಳೆಯದಾಯಿತು. ಅದನ್ನು ಬರೆದುಕೊಳ್ಳುತ್ತೇನೆ. ಆದರೆ ತೀರ್ಮಾನ ಹೇಗಾಗುತ್ತದೆಂದು ಈಗ ಹೇಳಲಾರೆ."

ಕಥೆಗಳಲ್ಲಾದರೆ ಸತ್ಯ ನುಡಿದವನಿಗೆ ಆ ಕ್ಷಣವೇ ಪುಷ್ಪವೃಷ್ಟಿಯಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ತಾಯಿ ಮಗಳಿಗೆ ಒಪ್ಪಿಗೆ ಬಂದಿತು. ಒಂಬತ್ತು ಅಂಕಿಯ ಸದಸ್ಯ ಸಂಖ್ಯೆಯೂ ಬಂದಿತು. ಟಿಕೆಟ್ ಕೊಳ್ಳುವಾಗ ಆ ಸಂಖ್ಯೆಯನ್ನು ನಮೂದಿಸಿದರೆ, ಅಮೆರಿಕದ ಒಳಗಿನ ಪ್ರಯಾಣಗಳಲ್ಲಿಯೂ ಭದ್ರತಾ ತಪಾಸಣೆಯ ಚಿಕ್ಕ ಸಾಲು ದೊರೆಯುತ್ತದೆ. ತಂದೆಗೆ ಬಂದದ್ದು ನಿರಾಕರಣೆಯ ಪತ್ರ. ಮರುಪರಿಶೀಲನೆಗೆ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಬರೆದುಕೊಳ್ಳಲು ಅವಕಾಶವುಂಟು. ಅವರು ಬರೆದರು. ನಡೆದದ್ದನ್ನು ನಡೆದಂತೆ ಬರೆದು, ರಸೀದಿಯ ಪ್ರತಿಯನ್ನೂ ಜೊತೆಗಿಟ್ಟರು. ಈ ಬಾರಿ ಬರೆಯುವುದು ಕಷ್ಟವೆನಿಸಲಿಲ್ಲ.

ಆ ವರ್ಷದ ಬೇಸಿಗೆಯ ರಜೆಗೆ ಸಂಸಾರ ಊರಿಗೆ ಬಂದಿತು. ಇಂತಹ ಏರ್ಪಾಡು ಈಗ ನಮ್ಮಲ್ಲೂ ಬಂದಿದೆ. ಭಾರತ ಸರ್ಕಾರ 2024ರ ಜೂನ್ 22ರಂದು ದೆಹಲಿಯಲ್ಲಿ ತ್ವರಿತ ವಲಸೆ ತಪಾಸಣೆಯ ವಿಶ್ವಾಸಾರ್ಹ ಪ್ರಯಾಣಿಕ ಯೋಜನೆಯನ್ನು ಆರಂಭಿಸಿತು. 2025ರ ಜನವರಿ 16ರಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಅದು ವಿಸ್ತರಿಸಿತು. ಭಾರತದ ಪ್ರಜೆಗಳೂ ಸಾಗರೋತ್ತರ ಭಾರತೀಯ ಕಾರ್ಡು ಉಳ್ಳವರೂ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ನಿಲ್ದಾಣದಲ್ಲಿ ಅಥವಾ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ಕೊಟ್ಟರೆ, ವಿದ್ಯುತ್ ಬಾಗಿಲು ತಾನೇ ತೆರೆಯುತ್ತದೆ. ಶುಲ್ಕವಿಲ್ಲ. ಅವಧಿ ಐದು ವರ್ಷ, ಅಥವಾ ಪಾಸ್‌ಪೋರ್ಟಿನ ಅವಧಿ ಮುಗಿಯುವವರೆಗೆ. ಯಾವುದು ಮೊದಲೋ ಅದು. ಇಲ್ಲಿಯೂ ತಪ್ಪು ವಿವರ ಕೊಟ್ಟರೆ ಅರ್ಜಿ ಬೀಳುತ್ತದೆ. ಬಾಗಿಲು ಯಾವ ದೇಶದ್ದಾದರೂ ಬೀಗದ ಕೈ ಒಂದೇ.

ಹೊರಡುವ ರಾತ್ರಿ ತಾಯಿ ಎಂದಿನಂತೆ ಪೆಟ್ಟಿಗೆಯ ಮುಂದೆ ಕುಳಿತರು. ಸಾರಿನ ಪುಡಿ, ಚಟ್ನಿಪುಡಿ, ಬಾಟಲಿಯ ಬಾಯಿಗೆ ಭದ್ರವಾಗಿ ಮುಚ್ಚಳ ಬಿಗಿದ ಮಾವಿನಕಾಯಿ ಉಪ್ಪಿನಕಾಯಿ. ಪ್ರತಿಯೊಂದರ ಹೆಸರನ್ನೂ ಒಂದು ಚೀಟಿಯಲ್ಲಿ ಮೊಮ್ಮಗಳಿಂದ ಇಂಗ್ಲಿಷಿನಲ್ಲಿ ಬರೆಯಿಸಿದರು. ಕಿಟಕಿಯಾಚೆ ಹಿತ್ತಲಲ್ಲಿ ಕರಿಬೇವಿನ ಗಿಡ ಮಳೆಗೆ ಚಿಗುರಿ ನಿಂತಿತ್ತು.

"ಅದು ಗಿಡದಲ್ಲೇ ಇರಲಿ," ಎಂದರು ಅವರು ಅದರ ಕಡೆ ನೋಡಿ. "ಬಂದಾಗ ಇಲ್ಲೇ ತಿನ್ನಲಿ."

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ತಾಯಿ ಮಗಳು ಚಿಕ್ಕ ದಾರಿಯಲ್ಲಿ ಹೋಗಬಹುದಾಗಿತ್ತು. ಸದಸ್ಯತ್ವ ಒಬ್ಬೊಬ್ಬರಿಗೇ ಸೇರಿದ್ದು. ಹೆಂಡತಿಯ ಸದಸ್ಯತ್ವದ ಬೆನ್ನ ಹಿಂದೆ ಗಂಡ ನುಸುಳುವಂತಿಲ್ಲ.

"ನೀವಿಬ್ಬರೂ ಹೋಗಿ. ನಾನು ಬಂದು ಸೇರಿಕೊಳ್ಳುತ್ತೇನೆ," ಎಂದರು ಗಂಡ.

"ಇಷ್ಟು ವರ್ಷ ನಿಂತಿದ್ದೇವೆ. ಇನ್ನೊಂದು ಗಂಟೆ ಭಾರವಾಗುವುದಿಲ್ಲ," ಎಂದು ಹೆಂಡತಿ ಹಾವಿನಂತೆ ಸುತ್ತಿದ ಆ ದೊಡ್ಡ ಸಾಲಿಗೇ ಚೀಲವನ್ನು ತಳ್ಳಿದರು.

ಕಟ್ಟೆಯ ಅಧಿಕಾರಿ, "ತಿನ್ನುವ ಪದಾರ್ಥಗಳೇನಾದರೂ ಉಂಟೇ?" ಎಂದು ಕೇಳಿದಾಗ ಇಂಜಿನಿಯರ್ ಚೀಟಿಯನ್ನು ಮುಂದಿಟ್ಟರು. ಮಗುವಿನ ದುಂಡು ಅಕ್ಷರಗಳನ್ನು ಓದಿದ ಅಧಿಕಾರಿ ಉಪ್ಪಿನಕಾಯಿಯ ವಿಷಯ ಒಂದೆರಡು ಮಾತು ಕೇಳಿ, ಮುಂದೆ ಹೋಗಲು ಸನ್ನೆ ಮಾಡಿದರು.

ಸಾಮಾನಿನ ಪಟ್ಟಿಯ ಬಳಿ ಬೀಗಲ್ ನಾಯಿಯೊಂದು ಬಂದಿತು. ಪೆಟ್ಟಿಗೆಯನ್ನು ಒಂದು ಸುತ್ತು ಮೂಸಿತು. ಮೂವರೂ ಉಸಿರು ಬಿಗಿಹಿಡಿದರು. ನಾಯಿ ಬಾಲ ಅಲ್ಲಾಡಿಸುತ್ತ ಮುಂದಿನವರ ಪೆಟ್ಟಿಗೆಯ ಕಡೆಗೆ ನಡೆಯಿತು.

"ಅಪ್ಪ, ಅಜ್ಜಿಗೆ ಫೋನ್ ಮಾಡು," ಎಂದಳು ಮಗಳು. "ಈ ಸಲ ನಾಯಿ ಕೂತುಕೊಳ್ಳಲಿಲ್ಲ ಅಂತ ಹೇಳಬೇಕು."